ಗೊತ್ತಿಲ್ಲದ ಕಡೆ ನಂಬುವುದು ಸೋಮಾರಿತನವೇ?

ಮನುಷ್ಯನ ತಿಳಿವಳಿಕೆಗೆ ಮಿತಿ ಇದೆ ಎಂದಮೇಲೆ ಅದರಾಚೆ ದೇವರನ್ನು ನಂಬಿದರೆ ತಪ್ಪೇನು ಎಂದು ಕೇಳಿದ್ದೀರಿ. ನಿಮ್ಮ ಗೆಳೆಯರು ಅದನ್ನು ಸೋಮಾರಿತನ ಎನ್ನುತ್ತಾರಂತೆ. ನನ್ನ ಪ್ರಕಾರ ನಂಬಿದರೆ ತಪ್ಪಿಲ್ಲ. ಆದರೆ ಗೆಳೆಯರ ಮಾತನ್ನೂ ತಳ್ಳಿಹಾಕಬೇಡಿ.

'ಇನ್ನೂ ಗೊತ್ತಾಗಿಲ್ಲ' ಮತ್ತು 'ಗೊತ್ತಾಗುವುದೇ ಇಲ್ಲ', ಇವೆರಡೂ ಬೇರೆ ಬೇರೆ. ನಾವು ಇವನ್ನು ತುಂಬಾ ಸಲ ಕಲಸಿಬಿಡುತ್ತೇವೆ. ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂದು ತಿಳಿಯಲು ಯಾವತ್ತೂ ಆಗುವುದಿಲ್ಲ ಎಂದು ಫ್ರಾನ್ಸಿನ ತತ್ವಜ್ಞಾನಿ ಆಗಸ್ಟ್ ಕಾಮ್ಟ್ 1835ರಲ್ಲಿ ಬರೆದರು. ಅಲ್ಲಿಗೆ ಹೋಗಿ ಮುಟ್ಟಿ ನೋಡುವವರು ಯಾರು, ಅಲ್ವಾ? ಆದರೆ ಒಂದೊಂದು ಧಾತುವೂ ಬೆಳಕಿನಲ್ಲಿ ತನ್ನದೇ ಗೆರೆಗಳನ್ನು ಬಿಡುತ್ತದೆ. 1859ರ ಹೊತ್ತಿಗೆ ಜರ್ಮನ್ ವಿಜ್ಞಾನಿಗಳಾದ ಕಿರ್ಖಾಫ್ ಮತ್ತು ಬುನ್ಸೆನ್ ಆ ಗೆರೆಗಳನ್ನು ಓದುವುದು ಹೇಗೆಂದು ತೋರಿಸಿದರು. ಹೀಲಿಯಂ ಎಂಬ ಅನಿಲದ ಗುರುತು ಮೊದಲು ಸಿಕ್ಕಿದ್ದು ಸೂರ್ಯನ ಬೆಳಕಿನಲ್ಲಿ, 1868ರಲ್ಲಿ. ಅದೇ ಹೀಲಿಯಂ ಭೂಮಿಯ ಮೇಲೆ ಕೈಗೆ ಸಿಗಲು 1895 ಆಗಬೇಕಾಯಿತು. ಹಾಗಾಗಿ ವಿಜ್ಞಾನಕ್ಕೆ ಇವತ್ತು ಗೊತ್ತಿಲ್ಲದ ಜಾಗದಲ್ಲಿ ದೇವರನ್ನು ಕೂರಿಸಿದರೆ ನಾಳೆ ಅಲ್ಲಿಂದ ಎಬ್ಬಿಸಬೇಕಾಗುತ್ತದೆ. ಭಕ್ತಿ ಇರುವವರಿಗೇ ಇದು ಜಾಸ್ತಿ ನೋವು ಕೊಡುವ ವಿಷಯ.

ಎರಡನೇ ಬಗೆಯ ಮಿತಿ ಬೇರೆ. ಅದರ ಬಗ್ಗೆ ಚೆನ್ನಾಗಿ ಯೋಚಿಸಿದವರು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. ಜಾಗ, ಕಾಲ, ಕಾರಣ ಎಲ್ಲವೂ ನಮ್ಮ ಮನಸ್ಸೇ ಹಾಕಿಕೊಂಡ ಚೌಕಟ್ಟು, ಅದನ್ನು ಕಳಚಿಟ್ಟು ಜಗತ್ತನ್ನು ನೋಡಲು ನಮಗೆ ಬರುವುದಿಲ್ಲ ಎಂದು 1781ರ ತಮ್ಮ ಪುಸ್ತಕದಲ್ಲಿ ಅವರು ವಾದಿಸಿದರು. ನಂಬಿಕೆಗೆ ಜಾಗ ಮಾಡಲು ಜ್ಞಾನವನ್ನು ಪಕ್ಕಕ್ಕೆ ಸರಿಸಬೇಕಾಯಿತು ಎಂದು ಅದೇ ಪುಸ್ತಕದ 1787ರ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿಕೊಂಡರು. ಇದನ್ನು ಹಿಡಿದು, ಇನ್ನು ಏನನ್ನು ಬೇಕಾದರೂ ನಂಬಬಹುದು ಎನ್ನುವವರಿದ್ದಾರೆ. ಅದು ಸರಿಯಲ್ಲ. ಕಾಂಟ್ ಹಾಕಿದ ಬೇಲಿ ಎರಡೂ ಕಡೆಯವರನ್ನು ತಡೆಯುತ್ತದೆ. ದೇವರಿದ್ದಾನೆ ಎಂದು ಸಾಬೀತು ಮಾಡಿದೆ ಎನ್ನುವವರೂ ನಿಲ್ಲಬೇಕು, ಇಲ್ಲ ಎಂದು ಸಾಬೀತು ಮಾಡಿದೆ ಎನ್ನುವವರೂ ನಿಲ್ಲಬೇಕು.

ಹಾಗಾದರೆ ಯಾವ ನಂಬಿಕೆ ಸರಿ? ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ ಒಂದು ಕಥೆ ಹೇಳಿದರು. ಒಬ್ಬ ಹಡಗಿನ ಮಾಲೀಕ. ಹಡಗು ಹಳೆಯದು, ಅವನಿಗೂ ಅನುಮಾನವಿದೆ. ರಿಪೇರಿಗೆ ಖರ್ಚಾಗುತ್ತದೆ. ದೇವರು ಕಾಯುತ್ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೆ ದಡ ಸೇರಿದ್ದರೂ ಅವನು ತಪ್ಪಿತಸ್ಥನೇ ಎನ್ನುತ್ತಾರೆ ಕ್ಲಿಫರ್ಡ್. ನನಗೂ ಹಾಗೇ ಅನಿಸುತ್ತದೆ. ನೋಡಬಹುದಾಗಿದ್ದನ್ನೇ ಅವನು ನೋಡಲಿಲ್ಲವಲ್ಲ.

ಇದಕ್ಕೆ 1896ರಲ್ಲಿ ಉತ್ತರ ಕೊಟ್ಟವರು ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್. ಕೆಲವು ನಿರ್ಧಾರಗಳು ಪುರಾವೆ ಬರುವ ತನಕ ಕಾಯುವುದಿಲ್ಲ, ಅಲ್ಲಿ ಸುಮ್ನೆ ಇರುವುದೂ ಒಂದು ನಿರ್ಧಾರವೇ ಎಂದರು.

ಈ ಮಾತು ನನಗೆ ಅರ್ಥವಾಗಿದ್ದು ಅಪ್ಪನ ಹೃದಯದ ಆಪರೇಷನ್ ದಿನ. ಡಾಕ್ಟರ್ ಅಪಾಯವನ್ನು ಮುಚ್ಚಿಡದೆ ಹೇಳಿದರು. ನನಗೆ ತೋಚಿದ್ದನ್ನೆಲ್ಲ ಕೇಳಿದೆ. ಇನ್ನೊಬ್ಬ ಡಾಕ್ಟರಿಗೂ ರಿಪೋರ್ಟ್ ತೋರಿಸಿದ್ದಾಗಿತ್ತು. ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದೆ. ಕೇಳಲು ಇನ್ನೇನೂ ಉಳಿದಿರಲಿಲ್ಲ, ಆದರೂ ಅಪ್ಪ ಬದುಕುತ್ತಾರಾ ಎನ್ನುವುದು ಗೊತ್ತಿರಲಿಲ್ಲ. ಪೆನ್ನು ಹಿಡಿದ ಬೆರಳು ಬೆವರಿ ಜಾರುತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡು ಸಹಿ ಹಾಕಿದೆ.

ಹಡಗಿನ ಮಾಲೀಕ ನಂಬಿದ್ದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು. ನಾನು ನಂಬಿದ್ದು ಪ್ರಶ್ನೆಗಳೆಲ್ಲ ಮುಗಿದ ಮೇಲೆ. ನಿಮ್ಮ ಗೆಳೆಯರು ಸೋಮಾರಿತನ ಎನ್ನುವುದು ಮೊದಲನೆಯದಕ್ಕಾದರೆ ನಾನು ಅವರ ಪರ. ಎರಡನೆಯದಕ್ಕೂ ಅದೇ ಮಾತು ಹೇಳಿದರೆ ಒಪ್ಪಲಾರೆ.

ಸಹಿ ಹಾಕಿ ಬಂದು ಹೊರಗಿನ ಬೆಂಚಿನ ಮೇಲೆ ಕೂತು ಪ್ರಾರ್ಥನೆ ಮಾಡಿದೆ. ಅದರಿಂದ ದೇವರ ಬಗ್ಗೆ ನನಗೆ ಹೊಸದೇನೂ ತಿಳಿಯಲಿಲ್ಲ. ಆ ಐದು ಗಂಟೆ ಅಲ್ಲಿ ಕೂತಿರಲು ಆಯಿತು, ಅಷ್ಟೇ.