ಹಿಂದಿನ ಟೈರ್ 140 ಇದೆ, 150 ಹಾಕಿಸಬಹುದೇ?

ಪ್ರಶ್ನೆ: ನನ್ನದು ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350. ಹೈವೇ ಓಡಾಟವೇ ಜಾಸ್ತಿ. ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿದೆ, ಮುಂದಿನದು ಚೆನ್ನಾಗಿಯೇ ಕಾಣುತ್ತದೆ. ಅಂಗಡಿಯವರು 150 ಸೈಜ್ ಹಾಕಿಸಿ, ಗ್ರಿಪ್ ಹೆಚ್ಚುತ್ತದೆ ಎನ್ನುತ್ತಾರೆ. ಹಾಕಿಸಲೇ? ಎರಡೂ ಬದಲಿಸಬೇಕೇ?

ಉತ್ತರ: 150 ಬೇಡ. ಕಂಪನಿ ಕೊಟ್ಟಿರುವುದು ಮುಂದೆ 100/90-19, ಹಿಂದೆ 140/70-17 (140 ಎಂದರೆ ಮಿ.ಮೀ.ನಲ್ಲಿ ಟೈರಿನ ಅಗಲ, 70 ಎಂದರೆ ಆ ಅಗಲದ ಶೇ. 70ರಷ್ಟು ಎತ್ತರ, 17 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ), ಅದನ್ನೇ ಹಾಕಿಸಿ. ಅದೇ ರಿಮ್ಮಿಗೆ ಅಗಲ ಟೈರ್ ಕೂರಿಸಿದರೆ ಎರಡೂ ಅಂಚು ಒಳಕ್ಕೆ ಅಮುಕಿಕೊಂಡು ನಡುಭಾಗ ಉಬ್ಬುತ್ತದೆ. ಹಾಗಾಗಿ ರಸ್ತೆಗೆ ತಾಗುವ ಜಾಗ ನೀವು ಅಂದುಕೊಂಡಷ್ಟು ಹೆಚ್ಚುವುದಿಲ್ಲ, ತಿರುವಿನಲ್ಲಿ ಗಾಡಿ ಸಲೀಸಾಗಿ ವಾಲುವುದೂ ಇಲ್ಲ. 150/70 ಆದರೆ ವ್ಯಾಸ 14 ಮಿ.ಮೀ. ಹೆಚ್ಚುತ್ತದೆ, ಚೈನ್ ಬದಿಯ ಸಂದು ಕಿರಿದಾಗುತ್ತದೆ.

ಸೈಜಿನ ಪಕ್ಕದ ಸಂಖ್ಯೆಯನ್ನೂ ನೋಡಿ. ಹಿಂದಿನ ಟೈರಿನಲ್ಲಿ 66P ಎಂದರೆ 300 ಕೆ.ಜಿ. ಭಾರ, ಗಂಟೆಗೆ 150 ಕಿ.ಮೀ. ವೇಗ ತಡೆಯುತ್ತದೆ ಎಂದರ್ಥ. ಅದಕ್ಕಿಂತ ಕಡಿಮೆಯದು ಬೇಡ. ಜೋಡಿ ಸವಾರಿ, ಲಗೇಜು ಎರಡೂ ಹಿಂದಿನ ಚಕ್ರದ ಮೇಲೇ ಬೀಳುತ್ತವೆ. ತಯಾರಾದ ವಾರ ಮತ್ತು ವರ್ಷ ನಾಲ್ಕಂಕಿಯಲ್ಲಿರುತ್ತದೆ: 2325 ಎಂದರೆ 2025ರ 23ನೇ ವಾರ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಟೈರ್ ಒಪ್ಪಬೇಡಿ.

ಮುಂದಿನದರ ಮೇಲೆ ಅಂಗೈ ಆಡಿಸಿ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದಂತೆ ತಾಗಿದರೆ ಅಥವಾ ಸೈಡ್‌ವಾಲ್‌ನಲ್ಲಿ (ಟೈರಿನ ಪಕ್ಕದ ಗೋಡೆ) ಕೂದಲೆಳೆಯಂಥ ಬಿರುಕು ಕಂಡರೆ ಎರಡನ್ನೂ ಬದಲಿಸಿ. ಇಲ್ಲದಿದ್ದರೆ ಹಿಂದಿನದಷ್ಟೇ ಸಾಕು. ಆದಷ್ಟು ಅದೇ ಕಂಪನಿ, ಅದೇ ಮಾದರಿ ಹಾಕಿಸಿ. ಟೈರಿನ ಕಚ್ಚುಗಳ ಆಳ 0.8 ಮಿ.ಮೀ.ಗೆ ಇಳಿಯುವವರೆಗೆ ಸವೆಯಲು ಕಾನೂನು ಬಿಡುತ್ತದೆ, ಆದರೆ ಮಳೆಗಾಲದ ಘಟ್ಟದ ರಸ್ತೆಗೆ 2 ಮಿ.ಮೀ. ಉಳಿದಾಗಲೇ ಬದಲಿಸುವುದು ನಮ್ಮ ಸಲಹೆ.

ಕೂರಿಸುವಾಗ ಎದುರಿಗೇ ನಿಲ್ಲಿ. ವಾಲ್ವ್ ಹೊಸದಾಗಿರಲಿ, ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ, ಹಳದಿ ಚುಕ್ಕೆ ಇದ್ದರೆ ಅದು ವಾಲ್ವ್ ಪಕ್ಕಕ್ಕೆ ಬರಲಿ. ಗಾಳಿ ತುಂಬಿದ ಮೇಲೆ ರಿಮ್ ಅಂಚಿನ ಸುತ್ತ ಕಾಣುವ ಗೆರೆ ಎಲ್ಲೆಡೆ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಬೀಡ್ (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಅಂಚು) ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಸೋಪಿನ ನೀರು ಹಚ್ಚಿ ಮತ್ತೆ ಕೂರಿಸಬೇಕು. ಬ್ಯಾಲೆನ್ಸಿಂಗ್ ಬಿಡಬೇಡಿ. ಚಕ್ರ ಬಿಚ್ಚಿದಾಗಲೇ ಬೇರಿಂಗ್, ಹಬ್‌ನ (ಚಕ್ರದ ನಡುಭಾಗದ) ರಬ್ಬರ್‌ಗಳನ್ನೂ ನೋಡಿಸಿ. ಮೊದಲ 150-200 ಕಿ.ಮೀ. ಗಾಡಿಯನ್ನು ಹೆಚ್ಚು ವಾಲಿಸದೆ, ಗಟ್ಟಿ ಬ್ರೇಕ್ ಹಾಕದೆ ಓಡಿಸಿ. ಹೊಸ ಟೈರಿನ ಮೇಲ್ಮೈ ಅಲ್ಲಿಯವರೆಗೂ ಜಾರುತ್ತದೆ.