ಕೆಲಸ ಬಿಟ್ಟು 50 ಜೇನುಪೆಟ್ಟಿಗೆ ಇಡಬಹುದೇ? ಹೆಬ್ರಿಯ ಗೆಳೆಯರ ಪ್ರಶ್ನೆಗೆ ಉತ್ತರ

ಹೆಬ್ರಿಯ ಗೆಳೆಯರೇ, ನಮ್ಮ ಜೇನು ಸಾಕುವವರ ಗುಂಪಿನಲ್ಲಿ ನೀವು ಕೇಳಿದ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ಮಂಗಳೂರಿನ ಕಚೇರಿಯಲ್ಲಿ ತಿಂಗಳಿಗೆ 24 ಸಾವಿರ ಸಂಬಳ, ವಾರದ ಕೊನೆಗೆ ಊರು, ಮನೆಯ ತೋಟದಲ್ಲಿ ಆರು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆ. ದೀಪಾವಳಿಗೆ ರಾಜೀನಾಮೆ ಕೊಟ್ಟು, ಭವಿಷ್ಯನಿಧಿಯ ಹಣದಲ್ಲಿ 50 ಪೆಟ್ಟಿಗೆ ಇಡುವ ಯೋಚನೆ ನಿಮ್ಮದು. ಪೆಟ್ಟಿಗೆ ಮತ್ತು ಜೇನು ಕುಟುಂಬಗಳನ್ನು (ರಾಣಿ ಮತ್ತು ಅದರ ನೊಣಗಳನ್ನು) ಒಬ್ಬ ವ್ಯಾಪಾರಿ ಕೊಡುತ್ತಾರೆ, ಜೇನನ್ನು ಕೆಜಿಗೆ 250 ರೂಪಾಯಿಯಂತೆ ಅವರೇ ಕೊಳ್ಳುತ್ತಾರೆ, ಐದು ವರ್ಷ ಬೇರೆಯವರಿಗೆ ಮಾರುವಂತಿಲ್ಲ ಎಂಬ ಒಪ್ಪಂದವೂ ಸಿದ್ಧವಾಗಿದೆ. "ಇನ್ನು ಯಾರ ಕೈಕೆಳಗೂ ದುಡಿಯಬಾರದು, ಸ್ವಂತ ಕಾಲ ಮೇಲೆ ನಿಲ್ಲಬೇಕು" ಎಂದು ಬರೆದಿದ್ದೀರಿ. ತಾಯಿಯವರು ಅಂಜಿ ಬೇಡ ಎನ್ನುತ್ತಿದ್ದಾರೆ ಎಂದೂ ಹೇಳಿದ್ದೀರಿ. ಗುಂಪಿನಲ್ಲಿ ಕೆಲವರು ಧೈರ್ಯ ಮಾಡಿ ಎಂದಿದ್ದಾರೆ, ಕೆಲವರು ಸಂಬಳ ಬಿಟ್ಟು ಕೆಡಬೇಡಿ ಎಂದಿದ್ದಾರೆ. ಕಾರ್ಕಳದ ಕಡೆ ಜೇನಿನಿಂದಲೇ ಮನೆ ನಡೆಸುವವನು ನಾನು. ಉತ್ತರ ಉದ್ದವಾದರೂ ಎಲ್ಲವನ್ನೂ ಬರೆಯುತ್ತೇನೆ.

ಜೇನಿಗೆ ಖಂಡಿತ ಬನ್ನಿ. ಆದರೆ ಆ ಒಪ್ಪಂದಕ್ಕೆ ಸಹಿ ಹಾಕಬೇಡಿ, ಈ ದೀಪಾವಳಿಗೆ ರಾಜೀನಾಮೆಯನ್ನೂ ಕೊಡಬೇಡಿ.

ಒಪ್ಪಂದದ ಮಾತು ಮೊದಲು. ಕುಟುಂಬ ಕೊಡುವವರು ಅವರು, ಜೇನಿಗೆ ದರ ಹೇಳುವವರು ಅವರು, ಗುಣಮಟ್ಟ ಸರಿಯಿಲ್ಲ ಎಂದು ಡಬ್ಬ ಹಿಂದಕ್ಕೆ ಕಳುಹಿಸುವವರೂ ಅವರೇ. ಕುಟುಂಬ ಸತ್ತರೆ ಅಥವಾ ಹಾರಿಹೋದರೆ ಮತ್ತೆ ಅವರಿಂದಲೇ ಕೊಳ್ಳಬೇಕು. ನಷ್ಟ ಮಾತ್ರ ಪೂರ್ತಿ ನಿಮ್ಮದು. ಈಗಿನ ಕಚೇರಿಯಲ್ಲಿ ತಿಂಗಳಾದರೆ ಸಂಬಳವಾದರೂ ಬರುತ್ತದೆ. ಇಲ್ಲಿ ನಿಮ್ಮದೇ ಹಣ ಹಾಕಿ ಇನ್ನೊಬ್ಬರ ಆಳಾಗುತ್ತೀರಿ. ನೀವು ಹುಡುಕುತ್ತಿರುವ ಸ್ವಾತಂತ್ರ್ಯ ಇದಲ್ಲ.

ಇನ್ನು ಲೆಕ್ಕ. ನಮ್ಮ ಕರಾವಳಿಯಲ್ಲಿ ಒಂದು ತುಡುವೆ ಕುಟುಂಬದಿಂದ ವರ್ಷಕ್ಕೆ ಸಾಮಾನ್ಯವಾಗಿ ಸಿಗುವುದು 5ರಿಂದ 10 ಕೆಜಿ ಜೇನು. ರಬ್ಬರ್ ತೋಟದ ನಡುವೆ ಗಟ್ಟಿ ಕುಟುಂಬವಿದ್ದರೆ ಇನ್ನೂ ಹೆಚ್ಚು ಬರಬಹುದು, ಆದರೆ ಹೊಸಬರು ಆ ಅಂಕಿಯನ್ನು ನಂಬಿ ಸಾಲ ಮಾಡಬಾರದು. 50ರಲ್ಲಿ 10 ಮೊದಲ ಮಳೆಗಾಲದಲ್ಲಿ ಹೋದವು ಎಂದಿಟ್ಟುಕೊಳ್ಳಿ. ಉಳಿದ 40ಕ್ಕೆ ತಲಾ 6 ಕೆಜಿಯಂತೆ 240 ಕೆಜಿ. ವ್ಯಾಪಾರಿಯ ದರದಲ್ಲಿ ಅದು 60 ಸಾವಿರ, ನೀವೇ ಬಾಟಲಿಗೆ ತುಂಬಿ 500ಕ್ಕೆ ಮಾರಿದರೆ 1 ಲಕ್ಷ 20 ಸಾವಿರ. ಇದು ಇಡೀ ವರ್ಷದ ಆದಾಯ, ಖರ್ಚು ಕಳೆಯುವ ಮೊದಲು. ನಿಮ್ಮ ವರ್ಷದ ಸಂಬಳ 2 ಲಕ್ಷ 88 ಸಾವಿರ. ಎದೆಗುಂದಿಸಲು ಇದನ್ನು ಬರೆಯುತ್ತಿಲ್ಲ. ಜೇನುತುಪ್ಪ ಒಂದನ್ನೇ ನಂಬಿದರೆ ಸಂಸಾರ ನಡೆಯುವುದಿಲ್ಲ ಎಂಬುದು ಕಾಗದದ ಮೇಲೆಯೇ ಕಾಣಬೇಕು.

ಹಾಗಾದರೆ ಜೇನು ಕೃಷಿಕರು ಬದುಕುವುದು ಹೇಗೆ? ಕುಟುಂಬಗಳನ್ನು ಪಾಲು ಮಾಡಿ, ಅಂದರೆ ಒಂದನ್ನು ಎರಡಾಗಿಸಿ, ಮಾರುವುದರಿಂದ. ನಲವತ್ತು ಗಟ್ಟಿ ಕುಟುಂಬ ಇರುವವರು ಹದವರಿತು ಪಾಲು ಮಾಡಿದರೆ ಇಪ್ಪತ್ತನ್ನು ಮಾರಬಹುದು, ಜೇನಿನ ಕಾಲಕ್ಕೆ ತಮ್ಮ ನಲವತ್ತನ್ನೂ ಉಳಿಸಿಕೊಳ್ಳಬಹುದು. ತೋಟದವರಿಗೆ ಪರಾಗಸ್ಪರ್ಶಕ್ಕಾಗಿ ಪೆಟ್ಟಿಗೆ ಇಟ್ಟುಕೊಡುವುದು, ಮರಗೆಲಸ ಬಂದರೆ ಪೆಟ್ಟಿಗೆ ಮಾಡಿ ಮಾರುವುದು, ಗೋಡೆ ಬಿರುಕಿನಲ್ಲೋ ಅಟ್ಟದಲ್ಲೋ ಕೂತ ಜೇನನ್ನು ಕರೆದವರ ಮನೆಗೆ ಹೋಗಿ ಹಿಡಿದುಕೊಡುವುದು, ಮೇಣ, ಇವೆಲ್ಲ ಸೇರಿದರೆ ಮಾತ್ರ ಒಂದು ಬದುಕು. ಇವೆಲ್ಲಕ್ಕೂ ನಿಮ್ಮ ಕೈ ಪಳಗಿರಬೇಕು. ಹಣ ಕೊಟ್ಟು ತರಿಸಿದ 50 ಪೆಟ್ಟಿಗೆ ನಿಮಗೆ ಈ ಕೈಚಳಕವನ್ನು ತಂದುಕೊಡುವುದಿಲ್ಲ.

ಪಾಲು ಮಾಡುವುದನ್ನೇ ನೋಡಿ. ಮಳೆ ನಿಂತು ಪರಾಗ ಬರತೊಡಗಿದ ಮೇಲೆ, ನವೆಂಬರ್ ಹೊತ್ತಿಗೆ ಸಂಸಾರ ಕೋಣೆಯ, ಅಂದರೆ ಮರಿಗಳು ಬೆಳೆಯುವ ಕೋಣೆಯ, ಎರಿಗಳೆಲ್ಲ (ಮೇಣದ ಹಲ್ಲೆಗಳೆಲ್ಲ) ನೊಣದಿಂದ ತುಂಬುತ್ತವೆ. ಗಂಡುನೊಣಗಳು ಕಾಣಿಸಿಕೊಳ್ಳುತ್ತವೆ, ಎರಿಯ ಕೆಳ ಅಂಚಿನಲ್ಲಿ ಹೊಸ ರಾಣಿ ಬೆಳೆಯುವ ರಾಣಿ ಕಣಗಳು ಇಳಿಬೀಳುತ್ತವೆ. ಕಣದ ತುದಿಯ ಮೇಣ ಸವೆದು ಒಳಗಿನ ಕಂದು ಬಣ್ಣ ಕಂಡಿತೆಂದರೆ ಹೊಸ ರಾಣಿ ಹೊರಬರುವ ಸಮಯ ಹತ್ತಿರವಾಯಿತು. ಆಗ ಹಳೆಯ ರಾಣಿಯನ್ನು ಅರ್ಧ ಎರಿಗಳ ಸಮೇತ ಹೊಸ ಪೆಟ್ಟಿಗೆಗೆ ವರ್ಗಾಯಿಸಿ, ರಾಣಿ ಕಣ ಇರುವ ಅರ್ಧವನ್ನು ಹಳೆಯ ಪೆಟ್ಟಿಗೆಯಲ್ಲೇ ಬಿಡಬೇಕು. ಎರಡು ಪೆಟ್ಟಿಗೆಗಳನ್ನೂ ಹಳೆಯ ಜಾಗದ ಎಡಕ್ಕೊಂದು ಬಲಕ್ಕೊಂದು ಸಮದೂರದಲ್ಲಿ ಇಟ್ಟರೆ ಹೊರಗೆ ಹೋದ ನೊಣಗಳು ಎರಡಕ್ಕೂ ಹಂಚಿಹೋಗುತ್ತವೆ. ಹೊಸ ರಾಣಿ ಹೊರಬಂದು, ಹಾರಿ, ಕೂಡಿ ಮರಳಿದ ಮೇಲೆ ಮೊಟ್ಟೆ ಇಡತೊಡಗುತ್ತಾಳೆ. ಎರಡು ವಾರ ಕಳೆದ ಮೇಲೆ ಎರಿಯನ್ನು ಬಿಸಿಲಿಗೆ ಹಿಡಿದು ನೋಡಿ. ಪ್ರತಿ ಕಣದ ತಳದ ನಡುವೆ ಒಂದೊಂದೇ ಮೊಟ್ಟೆ ನಿಂತಿದ್ದರೆ ನೀವು ಗೆದ್ದಿರಿ. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ ಅಂಚಿಗೆಲ್ಲ ಅಂಟಿಕೊಂಡಿದ್ದರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ ಎಂದರ್ಥ. ಆ ಕುಟುಂಬವನ್ನು ಇನ್ನೊಂದರ ಜೊತೆ ಸೇರಿಸಬೇಕು. ಈ ವ್ಯತ್ಯಾಸ ಕಣ್ಣಿಗೆ ಬೀಳುವುದು ನೋಡಿ ನೋಡಿಯೇ. ಅದಕ್ಕೆ ಆರು ಪೆಟ್ಟಿಗೆ ಸಾಕು.

ರೋಗದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ವೈರಸ್ ಬಂದಾಗ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದುಹೋದವು. ದಕ್ಷಿಣ ಕನ್ನಡದ ಹಿರಿಯ ಕೃಷಿಕರು ಆ ವರ್ಷಗಳ ಮಾತು ಬಂದರೆ ಇಂದಿಗೂ ನಿಟ್ಟುಸಿರು ಬಿಡುತ್ತಾರೆ. ರೋಗ ಈಗಲೂ ಅಲ್ಲಲ್ಲಿ ಕಾಣಿಸುತ್ತದೆ. ಮುಚ್ಚಬೇಕಾದ ಕಣಗಳು ತೆರೆದೇ ಇದ್ದು, ಒಳಗಿನ ಮರಿಹುಳು ತಲೆ ಮೇಲೆತ್ತಿ ನೆಟ್ಟಗೆ ಸತ್ತುಬಿದ್ದಿರುತ್ತದೆ. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಜೋಲುತ್ತದೆ. ಇದಕ್ಕೆ ಔಷಧವಿಲ್ಲ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ತಪ್ಪಿಸುವುದು, ರೋಗದ ಎರಿ ತೆಗೆದು ಸುಡುವುದು, ತಾಳಿಕೊಂಡು ಉಳಿದ ಕುಟುಂಬಗಳಿಂದಲೇ ಮುಂದಿನ ರಾಣಿಗಳನ್ನು ಬೆಳೆಸುವುದು, ಇಷ್ಟೇ ದಾರಿ. ಎಲ್ಲೆಲ್ಲಿಂದಲೋ ತಂದ 50 ಕುಟುಂಬಗಳನ್ನು ಒಂದೇ ತೋಟದಲ್ಲಿ ಇಡುವುದು ಎಷ್ಟು ಅಪಾಯ ಎಂದು ಈಗ ನಿಮಗೆ ತಿಳಿದಿರಬಹುದು.

ದುಡಿಮೆಯ ಬಗ್ಗೆಯೂ ಬಿಚ್ಚಿ ಹೇಳಬೇಕು. ಜೇನುನೊಣವೇ ದುಡಿಯುತ್ತದೆ, ನಾವು ತುಪ್ಪ ತೆಗೆದರಾಯಿತು ಎಂದು ನಂಬಿ ಬಂದವರು ಒಂದು ಮಳೆಗಾಲಕ್ಕೆ ಬಿಟ್ಟುಹೋಗಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಮೇವಿಲ್ಲ. ವಾರಕ್ಕೊಮ್ಮೆ ಸಕ್ಕರೆ ಪಾಕ ಕೊಡಬೇಕು. ಪೆಟ್ಟಿಗೆಗೆ 200 ಗ್ರಾಂ ಸಕ್ಕರೆ ಎಂದರೂ 50ಕ್ಕೆ ವಾರಕ್ಕೆ 10 ಕೆಜಿ, ಇಡೀ ಮಳೆಗಾಲಕ್ಕೆ 160ರಿಂದ 170 ಕೆಜಿ. ಪಾಕವನ್ನು ಸಂಜೆ ಕತ್ತಲಾಗುವಾಗ ಕೊಡಬೇಕು, ಹೊರಗೆ ಒಂದು ಹನಿ ಚೆಲ್ಲಬಾರದು. ಚೆಲ್ಲಿದರೆ ಬಲವಾದ ಕುಟುಂಬ ಬಡ ಕುಟುಂಬವನ್ನು ಲೂಟಿ ಮಾಡುತ್ತದೆ. ಕಾಲುಕಂಬದ ಬಟ್ಟಲಿನ ನೀರು ಬತ್ತಿದರೆ ಇರುವೆ, ಎರಿ ಬರಿದಾದರೆ ಮೇಣದ ಹುಳು, ಮಳೆ ಬಿಟ್ಟ ಕೂಡಲೇ ಕಣಜ. ಈ ನಾಲ್ಕು ತಿಂಗಳಲ್ಲಿ ಒಂದು ರೂಪಾಯಿ ಹುಟ್ಟುವುದಿಲ್ಲ. ಆದರೆ ಫೆಬ್ರವರಿಯ ಜೇನು ನಿಶ್ಚಯವಾಗುವುದು ಇಲ್ಲಿಯೇ.

ಆಮೇಲೆ ಸಾಗಾಟ. ರಬ್ಬರ್ ಮರ ಎಲೆ ಉದುರಿಸಿ ಚಿಗುರಿದಾಗ, ಮೂರು ಎಲೆಗಳು ಕೂಡುವ ಜಾಗದ ಗ್ರಂಥಿಗಳಲ್ಲಿ ಮಕರಂದ ಜಿನುಗುತ್ತದೆ. ನಮಗೆ ಹೆಚ್ಚಿನ ಜೇನು ಬರುವುದು ಹೂವಿನಿಂದಲ್ಲ, ಈ ಎಲೆಗಳಿಂದ. ಅದಕ್ಕಾಗಿ ಬೆಳ್ತಂಗಡಿ, ಸುಳ್ಯ ಕಡೆಯ ತೋಟಗಳಿಗೆ ಪೆಟ್ಟಿಗೆ ಒಯ್ಯುತ್ತೇವೆ. ನೊಣಗಳೆಲ್ಲ ಒಳಸೇರಿದ ಮೇಲೆ ಬಾಗಿಲು ಮುಚ್ಚಿ, ಎರಿ ಅಲುಗದಂತೆ ಹಗ್ಗ ಬಿಗಿದು, ಟೆಂಪೊದಲ್ಲಿ ರಾತ್ರಿಯೇ ಹೊರಟು, ಬೆಳಕು ಹರಿಯುವ ಮೊದಲು ಇಳಿಸಿ ಬಾಗಿಲು ತೆರೆಯಬೇಕು. ಹೋಗುವ ಮುನ್ನ ಸುತ್ತಲಿನ ಗೇರು ತೋಟದವರನ್ನು ಕೇಳಿ. ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟಕ್ಕೆ ಔಷಧ ಹೊಡೆಯುವ ದಿನ ಗೊತ್ತಿಲ್ಲದಿದ್ದರೆ ಒಂದೇ ಬೆಳಿಗ್ಗೆಯಲ್ಲಿ ಹೊರಹೋದ ನೊಣಗಳೆಲ್ಲ ಸಾಯುತ್ತವೆ. ತೋಟದವರ ಜೊತೆ ಸ್ನೇಹ ಬೆಳೆಸುವುದೂ ಈ ವೃತ್ತಿಯ ಕೆಲಸವೇ.

ಮಾರಾಟಕ್ಕೆ ಬರೋಣ, ಸ್ವಾವಲಂಬನೆಯ ತಿರುಳು ಇಲ್ಲಿದೆ. ನಿಮ್ಮ ಜೇನನ್ನು ನಿಮ್ಮ ಹೆಸರಿನಲ್ಲಿ ಕೇಳಿ ಬರುವ ಐವತ್ತು ಮನೆಗಳಿದ್ದರೆ ಯಾವ ವ್ಯಾಪಾರಿಯೂ ನಿಮ್ಮನ್ನು ಆಡಿಸಲಾರ. ಆ ಮನೆಗಳನ್ನು ಸಂಪಾದಿಸುವುದಕ್ಕೆ ಕಚೇರಿಯಲ್ಲಿರುವ ಈಗಿನ ಕಾಲವೇ ಒಳ್ಳೆಯದು. ಸಹೋದ್ಯೋಗಿಗಳು, ಮಂಗಳೂರಿನ ವಸತಿ ಸಮುಚ್ಚಯಗಳು, ಹಲಸು ಮೇಳ, ಸಾವಯವ ಸಂತೆ, ಎಲ್ಲಿಂದಲಾದರೂ ಶುರು ಮಾಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ. ಮುಕ್ಕಾಲು ಭಾಗ ಕಣಗಳು ಮುಚ್ಚುವ ಮೊದಲು ಎರಿ ತೆಗೆಯಬೇಡಿ. ತೇವಾಂಶ ಶೇ. 20 ಮೀರಬಾರದೆಂಬ ನಿಯಮವಿದೆ, ನಮ್ಮ ಹವೆಯಲ್ಲಿ ಆತುರಪಟ್ಟರೆ ಅದು ಸುಲಭವಾಗಿ ಮೀರುತ್ತದೆ. ಅಂಥ ಜೇನು ಬಾಟಲಿಯಲ್ಲಿ ನೊರೆಯೆದ್ದು ಹುಳಿಯಾಗುತ್ತದೆ. ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ, ಕೊಂಡವರು ಸಕ್ಕರೆ ಬೆರೆಸಿದ್ದೀರಿ ಎಂದು ಫೋನ್ ಮಾಡುತ್ತಾರೆ. ಬೇಸರಪಡಬೇಡಿ. ರಬ್ಬರ್ ತೋಟದ ಜೇನು, ತೆಗೆದ ತಿಂಗಳು ಇಂಥದ್ದು, ಹರಳುಗಟ್ಟಿದರೆ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಡಿ ಎಂದು ಚೀಟಿಯಲ್ಲೇ ಮುದ್ರಿಸಿ. ರಬ್ಬರ್ ಜೇನನ್ನು ಕಾಡು ಜೇನು ಎಂದು ಮಾರುವವರಿದ್ದಾರೆ. ನೀವು ಹಾಗೆ ಮಾಡಬೇಡಿ, ನಿಮ್ಮ ಮಾತಿನ ಮೇಲಿನ ನಂಬಿಕೆ ಕೆಟ್ಟರೆ ಆಮೇಲೆ ಜೇನೂ ಮಾರಾಟವಾಗುವುದಿಲ್ಲ. ಹೆಚ್ಚಾದ ಜೇನಿಗೆ ಪುತ್ತೂರಿನ ದಕ್ಷಿಣ ಕನ್ನಡ ಜೇನು ವ್ಯವಸಾಯಗಾರರ ಸಹಕಾರ ಸಂಘದಂಥ ಕಡೆ ವಿಚಾರಿಸಿ. ಸಹಕಾರ ಸಂಘಕ್ಕೆ ಕೊಡುವುದರಿಂದ ಸ್ವಾತಂತ್ರ್ಯಕ್ಕೆ ಕುಂದಿಲ್ಲ, ಅಲ್ಲಿ ನೀವೂ ಸದಸ್ಯರಾಗುತ್ತೀರಿ.

ಹಣದ ವಿಷಯ. ಭವಿಷ್ಯನಿಧಿಯನ್ನು ಮುಟ್ಟಬೇಡಿ. ಪೆಟ್ಟಿಗೆಗೆ ತೋಟಗಾರಿಕೆ ಇಲಾಖೆಯ ಸಹಾಯಧನ ಇರುತ್ತದೆ, ತಾಲ್ಲೂಕು ಕಚೇರಿಯಲ್ಲಿ ಕೇಳಿ ಅರ್ಜಿ ಹಾಕಿ. ಆದರೆ ಅದು ಬಂದ ಮೇಲೆಯೇ ಕೆಲಸ ಶುರು ಎಂದು ಕೂರಬೇಡಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಟಿ.ಎಂ.ಎ. ಪೈ ಅವರು ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಠೇವಣಿ ಆರಂಭಿಸಿದ್ದು ನಮ್ಮ ನಿಮ್ಮಂಥ ಸಣ್ಣ ಸಂಪಾದನೆಯವರಿಗಾಗಿ. ಈಗಲೂ ನಮ್ಮೂರಿನ ಸೊಸೈಟಿಗಳಲ್ಲಿ ಪಿಗ್ಮಿ ಇದೆ. ಜೇನು ಮಾರುವ ತಿಂಗಳುಗಳಲ್ಲಿ ದಿನಕ್ಕೆ ನೂರು ರೂಪಾಯಿ ಹಾಕಿದರೆ ಮಳೆಗಾಲದ ಸಕ್ಕರೆ ಸಾಲವಿಲ್ಲದೆ ಬರುತ್ತದೆ. ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ಕಲಿಯಬೇಕಾದರೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಲ್ಲಿ ಸ್ವಉದ್ಯೋಗಕ್ಕೆ ಉಚಿತ ತರಬೇತಿ ಕೊಡುತ್ತಾರೆ, ಬ್ರಹ್ಮಾವರದಲ್ಲೂ ಅವರ ಕೇಂದ್ರವಿದೆ. ರಜೆ ಹಾಕಿಯಾದರೂ ಹೋಗಿ ಬನ್ನಿ.

ನನ್ನ ಸಲಹೆ ಇದು. ಈ ನವೆಂಬರ್–ಡಿಸೆಂಬರ್‌ನಲ್ಲಿ ನಿಮ್ಮ ಆರನ್ನು ಪಾಲು ಮಾಡಿ, ನಂಬಿಕೆಯವರಿಂದ ಎರಡು ಮೂರು ಕೊಂಡು, ಹದಿನೈದರ ಒಳಗೆ ನಿಲ್ಲಿಸಿ. ವಾರಕ್ಕೊಮ್ಮೆ ಊರಿಗೆ ಬರುವವರಿಗೆ ಅಷ್ಟನ್ನು ನೋಡಿಕೊಳ್ಳುವುದು ಕಷ್ಟವಿಲ್ಲ. ಮುಂದಿನ ಮಳೆಗಾಲವನ್ನು ಅವುಗಳೊಂದಿಗೆ ಪೂರ್ತಿ ಕಳೆಯಿರಿ. ಎಷ್ಟು ಉಳಿದವು, ಏಕೆ ಹೋದವು, ಎಷ್ಟು ಸಕ್ಕರೆ, ಎಷ್ಟು ಬಾಟಲಿ, ಯಾರು ಎರಡನೆಯ ಸಲ ಕೇಳಿದರು, ಎಲ್ಲ ಪುಸ್ತಕದಲ್ಲಿ ಬರೆದಿಡಿ. ಆಮೇಲಿನ ಪಾಲುಗಳಲ್ಲಿ ನಲವತ್ತಕ್ಕೆ ಹತ್ತಿರವಾಗಿ, ಸಕ್ಕರೆಯ ಹಣ ಪಿಗ್ಮಿಯಲ್ಲಿದ್ದು, ಕಾಯಂ ಗಿರಾಕಿಗಳಿದ್ದರೆ ಆಗ ರಾಜೀನಾಮೆ ಕೊಡಿ. ಅಂದು ನಿಮ್ಮ ತಾಯಿಯವರೂ ಬೇಡ ಎನ್ನಲಿಕ್ಕಿಲ್ಲ. ಅವರ ಅಂಜಿಕೆಯನ್ನು ಹಗುರವಾಗಿ ಕಾಣಬೇಡಿ, ಮಳೆಗಾಲದಲ್ಲಿ ನೀವಿಲ್ಲದ ದಿನ ಇರುವೆ ಬಟ್ಟಲಿಗೆ ನೀರು ಹಾಕುವವರು ಅವರೇ.

ಸದ್ಯಕ್ಕೆ, ಚೌತಿ ಕಳೆದು ಬಿಸಿಲು ಕಾಣುತ್ತಿದೆ, ನಾಚಿಕೆಮುಳ್ಳಿನ ಪರಾಗ ಬರುತ್ತಿದೆ. ಈ ಭಾನುವಾರ ಆರೂ ಪೆಟ್ಟಿಗೆ ತೆರೆದು ರಾಣಿ ಇದ್ದಾಳೆಯೇ, ಮೊಟ್ಟೆ ಇದೆಯೇ, ಎಷ್ಟು ಎರಿಯಲ್ಲಿ ನೊಣ ತುಂಬಿದೆ ಎಂದು ನೋಡಿ ಇಲ್ಲಿಯೇ ಬರೆಯಿರಿ. ಕಪ್ಪಾದ ಹಳೆಯ ಎರಿಗಳಿದ್ದರೆ ತೆಗೆದುಹಾಕಿ. ನವೆಂಬರ್‌ನಲ್ಲಿ ನಾನು ಪಾಲು ಮಾಡುವ ದಿನ ಗುಂಪಿನಲ್ಲಿ ತಿಳಿಸುತ್ತೇನೆ, ಬೆಳಿಗ್ಗೆ ಬೇಗ ಬಂದುಬಿಡಿ. ತಿಳಿ ಬಣ್ಣದ ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಸುಗಂಧ ಹಚ್ಚಿಕೊಂಡು ಬರಬೇಡಿ, ಮುಸುಕು ನನ್ನ ಬಳಿ ಇದೆ.