ಪ್ರತಿಕ್ರಿಯೆ: ಹಾಸಿಗೆ ಹಿಡಿದ ಅಮ್ಮನ ಬೆನ್ನಿನ ಕೆಳಗೆ ಹೋಗದ ಕೆಂಪು ಕಲೆ

ಎರಡು ದಿನವಾದರೂ ಕಲೆ ಹೋಗಿಲ್ಲ ಅಂದಿರಲ್ಲ, ಅದು ಬಹುಶಃ ಹಾಸಿಗೆ ಹುಣ್ಣಿನ ಶುರು. ಒಂದೇ ಕಡೆ ಭಾರ ಬಿದ್ದು ಅಲ್ಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ. ನೋಡದೆ ಖಚಿತವಾಗಿ ಹೇಳಲಾರೆ. ಬೆರಳಿನಿಂದ ಒತ್ತಿ ನೋಡಿ, ಒತ್ತಿದಾಗ ಬಿಳಿಚದೆ ಹಾಗೇ ಇದ್ದರೆ ಅನುಮಾನ ಜಾಸ್ತಿ. ಅಮ್ಮನ ಮೈಬಣ್ಣವೇ ಕಪ್ಪಗಿದ್ದರೆ ಕಲೆಯ ಬಣ್ಣ ನಂಬಬೇಡಿ. ಮುಟ್ಟಿದರೆ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ನೋಡಿ.

ಮೊದಲು ಆ ಜಾಗದ ಮೇಲೆ ಮಲಗಿಸುವುದನ್ನು ನಿಲ್ಲಿಸಿ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ಬೇಡ, ಸೊಂಟದ ಮೂಳೆಗೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿದರೆ ಸಾಕು. ಮೇಲಕ್ಕೆ ಸರಿಸುವಾಗ ಎಳೆಯಬೇಡಿ, ಇಬ್ಬರು ಸೇರಿ ಕೆಳಗಿನ ಬೆಡ್‌ಶೀಟ್ ಹಿಡಿದು ಎತ್ತಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಡಯಾಪರ್ ಒದ್ದೆಯಾದ ತಕ್ಷಣ ಬದಲಿಸಿ.

ಕಲೆಯನ್ನು ಉಜ್ಜಬೇಡಿ. ಎಣ್ಣೆ ಹಾಕಿ ತಿಕ್ಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಅಲ್ವಾ? ಅದರಿಂದ ಒಳಗಿನ ಪದರ ಇನ್ನಷ್ಟು ಹಾಳಾಗಬಹುದು. ಏರ್ ಬೆಡ್ ತಂದರೆ ಒಳ್ಳೆಯದೇ, ಆದರೆ ಆಗಲೂ ಮಗ್ಗುಲು ಬದಲಿಸುತ್ತಲೇ ಇರಬೇಕು.

ಸಕ್ಕರೆ ಕಾಯಿಲೆ ಇದ್ದರೆ ಈಗಲೇ ಡಾಕ್ಟರಿಗೆ ತಿಳಿಸಿ. ಇಲ್ಲದಿದ್ದರೂ ಗುಳ್ಳೆ ಎದ್ದರೆ, ಚರ್ಮ ಒಡೆದರೆ, ಕೆಟ್ಟ ವಾಸನೆ ಅಥವಾ ಜ್ವರ ಬಂದರೆ ಅದೇ ದಿನ ತೋರಿಸಿ.